ಕೂಸಿನ ಬಟ್ಟೆಯಲ್ಲಿ ಬೆಲ್ಲದ ವಾಸನೆ

ಇವತ್ತು ಯಾವ ಬಣ ಯಾವ ಬಣಕ್ಕೆ ಟಾಂಗ್ ಕೊಟ್ಟಿತು ಅನ್ನೋದು ಇಲ್ಲ. ಇವತ್ತು ಒಂದು ವಾಸನೆಯ ಬಗ್ಗೆ ಮಾತಾಡೋಣ.

ಉತ್ತರ ಕನ್ನಡದವರಿಗೆ ಜೋನಿಬೆಲ್ಲವನ್ನು ಪರಿಚಯ ಮಾಡಿಕೊಡಬೇಕಿಲ್ಲ. ದೋಸೆಗೆ ಹಚ್ಚಿಕೊಂಡು ತಿಂದು ಬೆಳೆದ ಜನ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಇನ್ನೇನು ತಳ ಹಿಡಿಯುತ್ತೆ ಅನ್ನೋ ಹೊತ್ತಿಗೆ ಒಂದು ಸಿಹಿ, ಸ್ವಲ್ಪ ಸೀದ ಘಮ ಬರುತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಅದೇ ಘಮ ನಾಲ್ಕು ದಿನದ ಕೂಸಿನ ಒದ್ದೆ ಬಟ್ಟೆಯಿಂದ ಬಂದರೆ? ಕಿವಿಯ ಗುಗ್ಗೆಯಿಂದ ಬಂದರೆ?

ಅಂಥ ಒಂದು ಕಾಯಿಲೆ ಇದೆ. ಹೆಸರು ಮೇಪಲ್ ಸಿರಪ್ ಯೂರಿನ್ ಡಿಸೀಸ್. ಮೇಪಲ್ ಅನ್ನೋದು ಅಮೆರಿಕ, ಕೆನಡಾದ ಕಡೆಯ ಮರ. ಅದರ ರಸ ಕಾಯಿಸಿ ಅವರು ಜೋನಿಬೆಲ್ಲದಂಥದ್ದೇ ಒಂದು ಪಾಕ ಮಾಡ್ತಾರೆ. 1954ರಲ್ಲಿ ಅಮೆರಿಕದ ಡಾಕ್ಟರ್ ಜಾನ್ ಮೆಂಕೆಸ್ ಒಂದೇ ಮನೆಯ ನಾಲ್ಕು ಮಕ್ಕಳ ವಿಷಯ ಬರೆದರು. ನಾಲ್ಕೂ ಮಕ್ಕಳು ಹುಟ್ಟಿದ ಕೆಲವೇ ವಾರಗಳಲ್ಲಿ ತೀರಿಕೊಂಡಿದ್ದವು, ಮೂತ್ರಕ್ಕೆ ಆ ಪಾಕದ ವಾಸನೆ ಇತ್ತು. ಅಲ್ಲಿಂದ ಆ ಹೆಸರು. ಮೆಂಕೆಸ್ ನಮ್ಮ ಶಿರಸಿಯಲ್ಲೋ ಸಿದ್ದಾಪುರದಲ್ಲೋ ಹುಟ್ಟಿದ್ದರೆ ಇದಕ್ಕೆ ಜೋನಿಬೆಲ್ಲದ ಕಾಯಿಲೆ ಅಂತಲೇ ಹೆಸರಾಗ್ತಿತ್ತು, ಮತ್ತು ನಮ್ಮ ಅಜ್ಜಿಯರಿಗೆ ಅದು ಬೇಗ ಅರ್ಥ ಆಗ್ತಿತ್ತು.

ನಾನು ಡಾಕ್ಟರ್ ಅಲ್ಲ. ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ಹಾಗಾಗಿ ಎಂಜಿನಿಯರ್ ಭಾಷೆಯಲ್ಲೇ ಹೇಳ್ತೀನಿ. ನಾವು ತಿನ್ನೋ ಪ್ರೋಟೀನ್, ಅದು ಮೀನಾಗಲಿ ಬೇಳೆಯಾಗಲಿ ತಾಯಿಯ ಹಾಲಾಗಲಿ, ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತೆ. ಅದರಲ್ಲಿ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಅಂತ ಮೂರಿವೆ. ದೇಹ ತನಗೆ ಬೇಕಾದಷ್ಟು ಬಳಸಿಕೊಂಡು ಮಿಕ್ಕಿದ್ದನ್ನು ಸುಟ್ಟು ಶಕ್ತಿ ಮಾಡಿಕೊಳ್ಳುತ್ತೆ. ಸುಡೋ ಕೆಲಸಕ್ಕೆ ಒಂದು ಕಿಣ್ವ ಬೇಕು. ಈ ಮಕ್ಕಳಲ್ಲಿ ಆ ಕಿಣ್ವ ಕೆಲಸ ಮಾಡಲ್ಲ. ಕದ್ರಾ ಅಣೆಕಟ್ಟು ನೋಡಿದವರಿಗೆ ಹೇಳೋದು ಸುಲಭ: ಕಾಳಿ ನದಿಯ ಒಳಹರಿವು ಇದೆ, ಗೇಟು ಜಾಮ್ ಆಗಿದೆ. ನೀರು ಎಲ್ಲಿಗೆ ಹೋಗಬೇಕು? ಏರುತ್ತೆ. ಇಲ್ಲಿ ರಕ್ತದಲ್ಲಿ ಲ್ಯೂಸಿನ್ ಏರುತ್ತೆ, ಏರಿದ್ದು ಮಿದುಳಿಗೆ ನುಗ್ಗುತ್ತೆ.

ಹೊಟ್ಟೆಯಲ್ಲಿ ಇರೋವರೆಗೂ ಕೂಸು ಕ್ಷೇಮ. ತಾಯಿಯ ದೇಹ ಅದರ ಪಾಲಿನ ಕೆಲಸವನ್ನೂ ಮಾಡಿಬಿಡುತ್ತೆ. ಆದ್ದರಿಂದಲೇ ಈ ಕಾಯಿಲೆ ಮೋಸ ಮಾಡೋದು. ಹೆರಿಗೆ ಸುಸೂತ್ರ. ಮಗು ಚೆನ್ನಾಗಿ ಅತ್ತಿದೆ, ತೂಕ ಸರಿ ಇದೆ, ಸ್ಕ್ಯಾನಿಂಗ್‌ನಲ್ಲಿ ಏನೂ ಇರಲಿಲ್ಲ. ಎರಡನೇ ದಿನವೋ ಮೂರನೇ ದಿನವೋ ಡಿಸ್ಚಾರ್ಜ್. ಮನೆಯಲ್ಲಿ ಸಂಭ್ರಮ. ಆಮೇಲೆ ಬಾಳಂತಿ ಹೇಳ್ತಾಳೆ: “ಅಮ್ಮಾ, ಯಾಕೋ ಇವತ್ತು ಹಾಲೇ ಎಳೀತಾ ಇಲ್ಲ.” ಮನೆಯ ಹಿರಿಯರು ಹೇಳ್ತಾರೆ: “ಹೊಸ ಕೂಸಲ್ವಾ, ನಿದ್ದೆ ಜಾಸ್ತಿ. ಎಬ್ಬಿಸಬೇಡ.”

ಇಲ್ಲಿಂದ ಗಡಿಯಾರ ಶುರು. ತೀವ್ರ ಸ್ವರೂಪದ ಕಾಯಿಲೆಯಲ್ಲಿ ಹುಟ್ಟಿದ ದಿನವೇ ಕಿವಿಯ ಗುಗ್ಗೆಗೆ ವಾಸನೆ ಬರಬಹುದು, ಆದರೆ ಯಾರು ಮೂಸಿ ನೋಡ್ತಾರೆ? ಎರಡು-ಮೂರನೇ ದಿನಕ್ಕೆ ಹಾಲು ಕಡಿಮೆ, ಕಿರಿಕಿರಿ, ಕೀರಲು ಅಳು. ನಾಲ್ಕರಿಂದ ಆರನೇ ದಿನದೊಳಗೆ ಮಂಕು. ಕೈಕಾಲು ಒಮ್ಮೆ ಬಟ್ಟೆಯ ಹಾಗೆ ಜೋಲು, ಇನ್ನೊಮ್ಮೆ ಕೋಲಿನ ಹಾಗೆ ಸೆಟೆದು ಬಿಡುತ್ತೆ. ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತೆ. ಮಲಗಿದಲ್ಲೇ ಸೈಕಲ್ ತುಳಿದ ಹಾಗೆ ಕಾಲು ಆಡಿಸುತ್ತೆ. ಇದನ್ನು ಕೆಲವರು ಮಗು ಆಡ್ತಾ ಇದೆ ಅಂದುಕೊಳ್ತಾರೆ. ಆಟ ಅಲ್ಲ ಅದು, ಮಿದುಳು ಊದಿಕೊಳ್ತಿರೋ ಲಕ್ಷಣ. ನಡುನಡುವೆ ಉಸಿರು ನಿಲ್ಲಬಹುದು, ಫಿಟ್ಸ್ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಏಳರಿಂದ ಹತ್ತನೇ ದಿನಕ್ಕೆ ಕೋಮಾ.

ಈಗ ಒಂದು ಲೆಕ್ಕ ನೋಡಿ. ಆಶಾ ಕಾರ್ಯಕರ್ತೆಯರು ಬಾಳಂತಿ ಮನೆಗೆ ಬರಬೇಕಾದ ದಿನಗಳನ್ನು ಸರ್ಕಾರ ಗೊತ್ತು ಮಾಡಿದೆ: ಮೂರನೇ ದಿನ, ಏಳನೇ ದಿನ, ಆಮೇಲೆ 14, 21, 28, 42. ಅಂದರೆ ಮೊದಲ ಎರಡು ಭೇಟಿಗಳ ನಡುವೆಯೇ ಈ ಕಾಯಿಲೆ ಪೂರ್ತಿ ಹೊರಗೆ ಬಂದಿರುತ್ತೆ. ಮೂರನೇ ದಿನ ಬಂದಾಗ “ಹಾಲು ಕುಡೀತಾ ಇದೆಯಾ?” ಅಂತ ಕೇಳೋದು ಬರೀ ಔಪಚಾರಿಕ ಪ್ರಶ್ನೆ ಆಗಬಾರದು. “ನಿನ್ನೆ ಕುಡಿದಷ್ಟೇ ಇವತ್ತೂ ಕುಡೀತಾ?” ಅಂತ ಕೇಳಬೇಕು.

ಇನ್ನು ವಾಸನೆ. ಇಲ್ಲೊಂದು ತಮಾಷೆಯ, ಅಷ್ಟೇ ಅಪಾಯದ ಸಂಗತಿ ಇದೆ. ಆ ಪಾಕದ ಘಮಕ್ಕೆ ಕಾರಣವಾದ ರಾಸಾಯನಿಕದ ಹೆಸರು ಸೊಟೊಲೋನ್. ಅದು ಮೇಪಲ್ ಪಾಕದಲ್ಲಿದೆ, ಈ ಮಕ್ಕಳ ಮೂತ್ರದಲ್ಲಿದೆ, ಇನ್ನೂ ಒಂದು ಕಡೆ ಇದೆ. ಎಲ್ಲಿ ಹೇಳಿ? ನಮ್ಮ ಅಡುಗೆಮನೆಯ ಮೆಂತ್ಯದ ಡಬ್ಬಿಯಲ್ಲಿ! ಹೆರಿಗೆಗೆ ಮುಂಚೆ ಮೆಂತ್ಯ ತಿಂದ ತಾಯಂದಿರ ಮಕ್ಕಳಿಗೆ ಇದೇ ವಾಸನೆ ಬಂದು, ಡಾಕ್ಟರುಗಳು ಗಾಬರಿಯಾಗಿ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಅಂತ ಗೊತ್ತಾದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಗುವಿಗೇ ಮೆಂತ್ಯ ಸೇರಿದ ಕಷಾಯ ಕುಡಿಸಿ ಹೀಗಾದದ್ದೂ ಇದೆ. ಬಾಳಂತಿಗೆ ಮೆಂತ್ಯದ ಗಂಜಿ, ಮೆಂತ್ಯದ ಉಂಡೆ ಕೊಡೋ ನಮ್ಮ ಊರುಗಳಲ್ಲಿ ಇದು ಎರಡು ಕಡೆಯಿಂದ ಕೆಲಸ ಮಾಡಬಹುದು. ಚೆನ್ನಾಗಿ ಹಾಲು ಕುಡಿದು, ಚೆನ್ನಾಗಿ ಅಳೋ ಮಗುವಿನ ಬಟ್ಟೆಗೆ ಮೆಂತ್ಯದ ವಾಸನೆ ಬಂದರೆ ಹೆದರಿ ಓಡಬೇಕಿಲ್ಲ, ಡಾಕ್ಟರಿಗೆ ಒಂದು ಮಾತು ತಿಳಿಸಿದರೆ ಸಾಕು. ಆದರೆ ಹಾಲು ಬಿಟ್ಟು ಮಂಕಾಗಿರೋ ಮಗುವಿಗೆ ಆ ವಾಸನೆ ಇದ್ದಾಗ, “ಅದು ನೀ ತಿಂದ ಮೆಂತ್ಯದ್ದು ಬಿಡು” ಅಂತ ಸುಮ್ಮನಾದರೆ ಹೋಯ್ತು. ಇನ್ನೂ ಒಂದು ಮಾತು. ವಾಸನೆ ಇಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅಲ್ಲ. ಇಂಥದ್ದೇ ಜಾತಿಯ ಎಷ್ಟೋ ಕಾಯಿಲೆಗಳಿಗೆ ವಾಸನೆಯೇ ಇಲ್ಲ, ಹಾಲು ಬಿಡೋದು ಮತ್ತು ಮಂಕಾಗೋದು ಮಾತ್ರ ಎಲ್ಲದರಲ್ಲೂ ಇದೆ.

ಮಲ್ಲಾಪುರದ ವೀಕ್ಷಕರೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಮೆಸೇಜ್ ಮಾಡಿದ್ದರು. “ಸರ್, ನಮ್ಮ ಕಡೆ ಯಾವ ಮಗುವಿಗೆ ಏನೇ ಆದರೂ ಎಲ್ಲರೂ ಕೈಗಾ ಕಡೆ ಬೊಟ್ಟು ಮಾಡ್ತಾರೆ. ಹುಟ್ಟಿನಿಂದ ಬರೋ ಇಂಥ ಕಾಯಿಲೆಗೂ ಅದಕ್ಕೂ ಸಂಬಂಧ ಉಂಟಾ?” ಪ್ರಶ್ನೆ ನ್ಯಾಯವಾದದ್ದೇ. ಅಣುಸ್ಥಾವರದ ಟೌನ್‌ಶಿಪ್ ಪಕ್ಕದಲ್ಲಿ ಬದುಕೋರಿಗೆ ಕೇಳೋ ಹಕ್ಕಿದೆ, ಉತ್ತರ ಹೇಳಬೇಕಾದವರು ಹೇಳಬೇಕು. ಆದರೆ ಈ ಕಾಯಿಲೆಯ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ. ಕೈಗಾದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿದ್ದು 2000ರ ಹೊತ್ತಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎನ್. ಅಪ್ಪಾಜಿ ರಾವ್, ಡಾ. ಎ. ರಾಧಾ ರಮಾದೇವಿ ಮತ್ತು ಅವರ ತಂಡ ಕರ್ನಾಟಕದ ನವಜಾತ ಶಿಶುಗಳ ರಕ್ತದಲ್ಲಿ ಈ ಕಾಯಿಲೆಯನ್ನು ಮತ್ತು ಇದರ ಬಂಧುಗಳನ್ನು ಹುಡುಕೋಕೆ ಹೊರಟಿದ್ದು 1980ರಲ್ಲಿ! ಆ ದಶಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತ ಪರೀಕ್ಷೆ ಮಾಡಿದರು. ದೇಶದಲ್ಲೇ ಇಂಥ ಮೊದಲ ಪ್ರಯತ್ನಗಳಲ್ಲಿ ಅದೊಂದು. ನಮ್ಮದೇ ರಾಜ್ಯದ್ದು. ಎಷ್ಟು ಜನರಿಗೆ ಗೊತ್ತು?

ಕಾಯಿಲೆ ಬರೋದು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ. ಇಬ್ಬರ ಹತ್ತಿರವೂ ಆ ಕಿಣ್ವದ ಒಂದು ಸರಿ ಜೀನ್, ಒಂದು ಕೆಟ್ಟ ಜೀನ್ ಇರುತ್ತೆ. ಒಂದು ಸರಿ ಇದ್ದರೆ ಸಾಕು, ಅವರಿಗೆ ಏನೂ ಆಗಲ್ಲ, ಗೊತ್ತೂ ಆಗಲ್ಲ. ಮಗುವಿಗೆ ಎರಡೂ ಕೆಟ್ಟದ್ದೇ ಬಂದರೆ ಕಾಯಿಲೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಅವಕಾಶ. ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಂತ ಲೆಕ್ಕ ಹಾಕಬೇಡಿ. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮಿದ ಹಾಗೆ. ಗಂಡು ಮಗು, ಹೆಣ್ಣು ಮಗು ಅನ್ನೋ ಭೇದ ಇಲ್ಲ. ಸೊಸೆಯ ಕಾಲ್ಗುಣದ ಮಾತಂತೂ ಬೇಡವೇ ಬೇಡ. ಅರ್ಧ ಪಾಲು ಮಗನದ್ದೂ ಇದೆ.

ಸಂಬಂಧದಲ್ಲಿ ಮದುವೆಯಾದಾಗ ಇಬ್ಬರಿಗೂ ಒಬ್ಬನೇ ಮುತ್ತಜ್ಜನಿಂದ ಒಂದೇ ಕೆಟ್ಟ ಜೀನ್ ಬಂದಿರೋ ಸಾಧ್ಯತೆ ಹೆಚ್ಚು. ಸೋದರಮಾವನಿಗೆ ಕೊಡೋದು, ಅತ್ತೆ ಮಗಳನ್ನು ತರೋದು ನಮ್ಮಲ್ಲಿ ಹಳೇ ಪದ್ಧತಿ. ಅದೇ ವಿಜ್ಞಾನಿಗಳು ಎಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ನೋಡಿದಾಗ ಹತ್ತಿರ ಹತ್ತಿರ ಮೂರರಲ್ಲೊಂದು ಮದುವೆ ಸಂಬಂಧದೊಳಗೇ ಆಗಿತ್ತು. ಜಗತ್ತಿನ ಒಟ್ಟು ಲೆಕ್ಕದಲ್ಲಿ ಈ ಕಾಯಿಲೆ ಸುಮಾರು 1.85 ಲಕ್ಷ ಮಕ್ಕಳಲ್ಲಿ ಒಂದಕ್ಕೆ. ಆದರೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತಮ್ಮೊಳಗೇ ಮದುವೆಯಾಗುತ್ತಾ ಬಂದ ಮೆನೊನೈಟ್ ಅನ್ನೋ ಕ್ರೈಸ್ತ ಪಂಗಡದಲ್ಲಿ ಸುಮಾರು 380ರಲ್ಲಿ ಒಂದಕ್ಕೆ! ಜನಸಂಖ್ಯೆ ಚಿಕ್ಕದಾದಷ್ಟೂ, ಕೊಡು-ಕೊಳ್ಳು ಒಳಗೊಳಗೇ ಆದಷ್ಟೂ ‘ಅಪರೂಪ’ ಅನ್ನೋ ಪದದ ಅರ್ಥ ಬದಲಾಗುತ್ತೆ. ನಮ್ಮ ಕರಾವಳಿ, ಘಟ್ಟದ ಸಣ್ಣ ಸಣ್ಣ ಸಮುದಾಯಗಳು ಈ ಸಂಖ್ಯೆಯನ್ನು ಒಮ್ಮೆ ನೋಡಿಕೊಳ್ಳೋದು ಒಳ್ಳೇದು.

ಅದೇ ಮೆನೊನೈಟ್ ಜನರ ನಡುವೆ 1989ರಲ್ಲಿ ಡಾ. ಹೋಮ್ಸ್ ಮಾರ್ಟನ್ ಅನ್ನೋರು ಮಕ್ಕಳಿಗಾಗಿ ಒಂದು ಕ್ಲಿನಿಕ್ ಶುರು ಮಾಡಿದರು. ಜೋಳದ ಹೊಲದ ಮಧ್ಯೆ, ದೊಡ್ಡ ಊರಿನಿಂದ ದೂರ. ಅಪಾಯ ಇರೋ ಮನೆಯಲ್ಲಿ ಮಗು ಹುಟ್ಟಿದ ಮೊದಲ ದಿನವೇ ರಕ್ತ ನೋಡೋದು, ಲಕ್ಷಣ ಬರೋ ತನಕ ಕಾಯದೇ ಆಹಾರ ಬದಲಿಸೋದು. ಹಾಗೆ ಹಿಡಿದ ಮಕ್ಕಳು ಬೆಳೆದರು, ಶಾಲೆಗೆ ಹೋದರು.

ನಮ್ಮ ಮಲ್ಲಾಪುರದಿಂದ ಕಾರವಾರಕ್ಕೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್. ಕಾರವಾರದಿಂದ ಮಣಿಪಾಲಕ್ಕೆ ಇನ್ನೂರರ ಹತ್ತಿರ. ಹುಬ್ಬಳ್ಳಿಗೆ ಘಟ್ಟ ಹತ್ತಬೇಕು. ಈ ಜಿಲ್ಲೆಯ ಜನ ಒಂದು ಒಳ್ಳೆಯ ಆಸ್ಪತ್ರೆ ಕೊಡಿ ಅಂತ ವರ್ಷಗಳಿಂದ ಕೇಳ್ತಿದ್ದಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಉರುಳಿ ನಾಲ್ಕು ಜೀವ ಹೋದ ದೃಶ್ಯ ಇಡೀ ರಾಜ್ಯ ಟಿವಿಯಲ್ಲಿ ನೋಡಿದೆ, ನಾವೇ ತೋರಿಸಿದ್ದೇವೆ. ಆ ಬೇಡಿಕೆ ಸರಿ, ಅದನ್ನು ಬಿಡಬಾರದು. ಆದರೆ ಈ ಕಾಯಿಲೆ ಕಂಡುಹಿಡಿಯೋ ಮೊದಲ ಹೆಜ್ಜೆಗೆ ಅಷ್ಟು ದೊಡ್ಡ ಆಸ್ಪತ್ರೆ ಬೇಕಾಗಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ಅನ್ನೋ ಅಮೆರಿಕದ ವಿಜ್ಞಾನಿ ಒಂದು ಸರಳ ಉಪಾಯ ಕಂಡುಕೊಂಡರು. ಕೂಸಿನ ಹಿಮ್ಮಡಿಗೆ ಸಣ್ಣದಾಗಿ ಚುಚ್ಚಿ ಕೆಲವು ಹನಿ ರಕ್ತವನ್ನು ಫಿಲ್ಟರ್ ಪೇಪರಿಗೆ ಮುಟ್ಟಿಸಿ ಒಣಗಿಸೋದು. ಒಣಗಿದ ಆ ಕಾಗದವನ್ನು ಲಕೋಟೆಗೆ ಹಾಕಿ ಲ್ಯಾಬಿಗೆ ಕಳಿಸೋದು. ಅಷ್ಟೇ. ಇವತ್ತು ಅದೇ ಒಣ ಚುಕ್ಕೆಯಿಂದ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರ ಹತ್ತಾರು ಕಾಯಿಲೆಗಳನ್ನು ಒಂದೇ ಸಲ ನೋಡುತ್ತೆ. ಯಂತ್ರ ಬೆಂಗಳೂರಲ್ಲಿರಲಿ, ಮಗು ಮಲ್ಲಾಪುರದಲ್ಲಿರಲಿ, ಪ್ರಯಾಣ ಮಾಡಬೇಕಾದ್ದು ಕಾಗದ. ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಸಿಗೋ ಗೋವಾದಲ್ಲಿ 2008ರಲ್ಲೇ ಸರ್ಕಾರ ಹುಟ್ಟಿದ ಮಕ್ಕಳಿಗೆ ಇಂಥ ತಪಾಸಣೆ ಆರಂಭಿಸಿತ್ತು. ರಾಜ್ಯ ಮಟ್ಟದಲ್ಲಿ ಅದು ದೇಶಕ್ಕೇ ಮೊದಲು. ಗಡಿಯ ಈಚೆ ಹುಟ್ಟಿದ ಮಗು, ಆಚೆ ಹುಟ್ಟಿದ ಮಗು ಅನ್ನೋ ವ್ಯತ್ಯಾಸ ಆಗ ಯಾಕಿತ್ತು ಅಂತ ನಮ್ಮ ಜನಪ್ರತಿನಿಧಿಗಳನ್ನು ಕೇಳಿ. ಭಾರತದಲ್ಲಿ ಈ ಪರೀಕ್ಷೆ ಇಡೀ ದೇಶಕ್ಕೆ ಕಡ್ಡಾಯ ಆಗಿಲ್ಲ. ಹಾಗಾಗಿ ನೀವೇ ಕೇಳಬೇಕು.

ರಿಪೋರ್ಟ್ ಬರೋ ತನಕ ಏನು ಮಾಡೋದು? ಹಾಲು ಬಿಟ್ಟು ಮಂಕಾದ ಕೂಸು ಬಂದರೆ ಡಾಕ್ಟರ್ ಮೊದಲು ಯೋಚಿಸೋದು ರಕ್ತದ ನಂಜು. ತಪ್ಪಲ್ಲ, ಹೆಚ್ಚಿನ ಸಲ ಅದೇ ಆಗಿರುತ್ತೆ, ಆಂಟಿಬಯೋಟಿಕ್ ಕೊಡಲೇಬೇಕು. ಜೊತೆಗೆ ಇನ್ನೊಂದು ಸಾಧ್ಯತೆಯನ್ನೂ ಅದೇ ಗಂಟೆಯಲ್ಲಿ ಯೋಚಿಸಬೇಕು ಅನ್ನೋದಷ್ಟೇ ಮಾತು. ಮೂತ್ರದಲ್ಲಿ ಕೀಟೋನ್ ನೋಡೋ ಪಟ್ಟಿ ಸಣ್ಣ ಲ್ಯಾಬಿನಲ್ಲೂ ಸಿಗುತ್ತೆ. ನವಜಾತ ಶಿಶುವಿನ ಮೂತ್ರದಲ್ಲಿ ಕೀಟೋನ್ ಕಂಡರೆ ಅದು ಸಹಜ ಅಲ್ಲ. ಅನುಮಾನ ಬಂದರೆ ಸ್ವಲ್ಪ ಕಾಲ ಪ್ರೋಟೀನ್ ನಿಲ್ಲಿಸಿ, ಗ್ಲೂಕೋಸ್ ಡ್ರಿಪ್ ಹಾಕಿ, ದೊಡ್ಡ ಆಸ್ಪತ್ರೆಯ ತಜ್ಞರ ಜೊತೆ ಫೋನಿನಲ್ಲಿ ಮಾತಾಡುತ್ತಾ ಕಳಿಸಬಹುದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ, ಮಕ್ಕಳ ಡಾಕ್ಟರುಗಳಿದ್ದಾರೆ. ಡ್ರಿಪ್‌ಗೆ ಮಣಿಪಾಲ ಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಮನೆಯಲ್ಲಿ ಕೂತು ಮಗುವಿಗೆ ಹಾಲು ನಿಲ್ಲಿಸಬೇಡಿ. ಹೊಟ್ಟೆ ಖಾಲಿ ಬಿಟ್ಟರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತೆ, ಅದರಿಂದಲೂ ಲ್ಯೂಸಿನ್ ಬಂದು ಸೇರುತ್ತೆ. ಅಣೆಕಟ್ಟಿಗೆ ಇನ್ನೊಂದು ಕಡೆಯಿಂದ ನೀರು ನುಗ್ಗಿದ ಹಾಗೆ. ತಾಯಿಯ ಹಾಲು ವಿಷವೂ ಅಲ್ಲ. ಚಿಕಿತ್ಸೆ ಶುರುವಾದ ಮೇಲೆ ಅಳತೆಯಲ್ಲಿ ಅದನ್ನೇ ಮತ್ತೆ ಕೊಡೋದೂ ಇದೆ.

ಚಿಕಿತ್ಸೆ ಅಂದರೆ ಮುಖ್ಯವಾಗಿ ಊಟದ ಲೆಕ್ಕ. ಆ ಮೂರು ಅಮೈನೋ ಆಮ್ಲ ಇಲ್ಲದ ವಿಶೇಷ ಹಾಲಿನ ಪುಡಿ, ಜೊತೆಗೆ ತೂಕ ಮಾಡಿ ಕೊಡೋ ಸ್ವಲ್ಪ ಮಾಮೂಲಿ ಆಹಾರ. ಮೀನು, ಮೊಟ್ಟೆ, ಬೇಳೆ ತಟ್ಟೆಯಿಂದ ಹೆಚ್ಚುಕಡಿಮೆ ಹೊರಗೆ. ಕಾರವಾರದ ಮನೆಯಲ್ಲಿ ಮೀನಿಲ್ಲದ ಊಟ ಹೇಳಿದಷ್ಟು ಸುಲಭ ಅಲ್ಲ, ಗೊತ್ತು. ಆಗಾಗ ರಕ್ತ ಪರೀಕ್ಷೆ. ಜೀವನಪೂರ್ತಿ. ಕೆಲವೇ ಕೆಲವರಿಗೆ ಥಯಾಮಿನ್ ಅನ್ನೋ ವಿಟಮಿನ್ನಿನಿಂದ ಗುಣ ಕಾಣುತ್ತೆ. ಲ್ಯೂಸಿನ್ ತುಂಬಾ ಏರಿದ್ದರೆ ಡಯಾಲಿಸಿಸ್. ಯಕೃತ್ತಿನ ಕಸಿ ಮಾಡಿದರೆ ಹೊಸ ಯಕೃತ್ತೇ ಸಾಕಷ್ಟು ಕಿಣ್ವ ಕೊಡುತ್ತೆ, ಊಟದ ಕಟ್ಟುಪಾಡು ಸಡಿಲಾಗುತ್ತೆ. ಮಿದುಳಿಗೆ ಅದಕ್ಕೆ ಮುಂಚೆ ಆದ ಪೆಟ್ಟು ಮಾತ್ರ ವಾಪಸ್ ಆಗಲ್ಲ.

ದುಡ್ಡು? ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಈ ಕಾಯಿಲೆಯ ಹೆಸರು ಇದೆ. ಕಸಿ ಮಾಡಬಹುದಾದ ಪಟ್ಟಿಯಲ್ಲೂ ಇದೆ, ವಿಶೇಷ ಆಹಾರ ಬೇಕಾದ ಪಟ್ಟಿಯಲ್ಲೂ ಇದೆ. 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಅಂತ ನಿಗದಿಯಾಗಿದೆ. ಆದರೆ ಅದು ಮನೆ ಬಾಗಿಲಿಗೆ ಬರಲ್ಲ. ಗೊತ್ತುಪಡಿಸಿದ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು. ನಮ್ಮ ರಾಜ್ಯದಲ್ಲಿ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ.

ಸ್ವಲ್ಪ ದೊಡ್ಡ ಮಕ್ಕಳ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಈ ಕಾಯಿಲೆಯಲ್ಲಿ ಬಂದು ಹೋಗೋ ರೂಪವೂ ಇದೆ. ಮಗು ಓಡಾಡ್ತಾ ಚೆನ್ನಾಗೇ ಇರುತ್ತೆ. ಜ್ವರ ಬಂದಾಗ, ವಾಂತಿಯಾಗಿ ಊಟ ಬಿಟ್ಟಾಗ ಇದ್ದಕ್ಕಿದ್ದ ಹಾಗೆ ಮಂಕಾಗುತ್ತೆ, ಕುಡಿದವರ ಹಾಗೆ ತೂರಾಡುತ್ತೆ, ತೊದಲುತ್ತೆ, ಆ ವಾಸನೆ ಬರುತ್ತೆ. ಜ್ವರ ಇಳಿದ ಮೇಲೆ ಸರಿಹೋಗುತ್ತೆ. ಎರಡು ಸಲ ಹೀಗಾದರೆ ‘ಗಾಳಿ ಸೋಕಿದೆ’ ಅಂತ ಅಂತ್ರ ಕಟ್ಟಿಸೋದಕ್ಕೆ ಮುಂಚೆ, ಆ ಮಂಕು ಇರುವಾಗಲೇ ರಕ್ತ ಮತ್ತು ಮೂತ್ರ ಕೊಡಿಸಿ. ಸರಿಹೋದ ಮೇಲೆ ಕೊಟ್ಟರೆ ರಿಪೋರ್ಟ್ ನಾರ್ಮಲ್ ಬರಬಹುದು.

ಇನ್ನು ಹೇಳೋಕೆ ಕಷ್ಟವಾದ ವಿಷಯ. ಎಷ್ಟೋ ಮನೆಗಳಲ್ಲಿ ಹಿಂದೆ ಒಂದು ಕೂಸು, ಎರಡು ಕೂಸು ಹೀಗೇ ಎಂಟು-ಹತ್ತು ದಿನಕ್ಕೆ ಹೋಗಿರುತ್ತೆ. ದೃಷ್ಟಿಯಾಯ್ತು, ಗಂಡಾಂತರ ಇತ್ತು ಅಂತ ಮಾತು ಮುಗಿಸಿರುತ್ತಾರೆ. ಮುಂದಿನ ಮಗುವಿಗೆ ಹಾಗೇ ಆದಾಗ ಡಾಕ್ಟರ್ ಕೇಳಿದರೆ ಸೊಸೆ ಅತ್ತೆಯ ಮುಖ ನೋಡ್ತಾಳೆ, ಅತ್ತೆ “ಹಾಗೇನಿಲ್ಲ ಡಾಕ್ಟ್ರೇ” ಅಂತಾರೆ. ಆ ಒಂದು ಉತ್ತರಕ್ಕೆ ಎರಡು ದಿನ ಹೋಗುತ್ತೆ, ಎರಡು ದಿನಕ್ಕೆ ಮಗು ಹೋಗುತ್ತೆ. ಹೇಳಿಬಿಡಿ. ಹುಟ್ಟಿದಾಗ ಚೆನ್ನಾಗಿತ್ತು, ಇಂಥ ದಿನದಿಂದ ಹಾಲು ಬಿಟ್ಟಿದೆ, ಬಟ್ಟೆಗೆ ವಾಸನೆ ಇದೆ, ಮೊದಲೂ ಒಂದು ಮಗು ಹೀಗೇ ಹೋಗಿತ್ತು, ನಾವು ಸಂಬಂಧದಲ್ಲಿ ಮದುವೆಯಾದವರು. ಇಷ್ಟು ಹೇಳೋಕೆ ಒಂದು ನಿಮಿಷ ಸಾಕು.

ಮಗು ಉಳಿಯಲ್ಲ ಅನ್ನೋ ಸ್ಥಿತಿ ಬಂದರೂ ಅದರ ರಕ್ತದ ಮಾದರಿ ಇಟ್ಟುಕೊಳ್ಳೋಕೆ ಡಾಕ್ಟರಿಗೆ ಒಪ್ಪಿಗೆ ಕೊಡಿ. ಆ ಹೊತ್ತಿನಲ್ಲಿ ಇದು ಕ್ರೂರ ಅನ್ನಿಸುತ್ತೆ. ಆದರೆ ಯಾವ ಜೀನ್ ಕೆಟ್ಟಿದೆ ಅಂತ ಆ ರಕ್ತದಿಂದ ಗೊತ್ತಾದರೆ ಮುಂದಿನ ಬಸಿರಿನಲ್ಲಿ ಮೂರನೇ ತಿಂಗಳ ಹೊತ್ತಿಗೇ ಪರೀಕ್ಷೆ ಮಾಡಿ ತಿಳಿಯಬಹುದು. ಅದು ಬೇಡ ಅನ್ನೋರು, ಮುಂದಿನ ಹೆರಿಗೆಗೆ ಮುಂಚೆಯೇ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಡಾಕ್ಟರ ಕೈಯಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಹಿಂದಿನ ಮಗುವಿಗೆ ಮೇಪಲ್ ಸಿರಪ್ ಕಾಯಿಲೆ ಅಥವಾ ಅದರ ಅನುಮಾನ, ಈ ಮಗುವಿನ ರಕ್ತವನ್ನು ಮೊದಲ ದಿನವೇ ಕಳಿಸಬೇಕು.